ಅಪ್ಪನ ನಗು, ಅಪ್ಪನ ಛತ್ರಿ

ನನ್ನದೂ ಅಕ್ಕನದೂ ಮೊಬೈಲು ಒಟ್ಟಿಗೇ ಚೀರಿದವು. ಧಾರವಾಡ ತಾಲ್ಲೂಕಿನಲ್ಲಿ ಮುಂದಿನ ಮೂರು ತಾಸು ಸಿಡಿಲಿನ ಸಂಭವವಿದೆ, ಬಯಲಲ್ಲಿ, ಮರದ ಕೆಳಗೆ ನಿಲ್ಲಬೇಡಿ ಎಂಬ ಸಂದೇಶ. ನಮ್ಮ ಮನೆಗೆ ಬಂದಿದ್ದ ಅಕ್ಕ ಚಹಾ ಅರ್ಧಕ್ಕೇ ಬಿಟ್ಟು, ಉಪ್ಪಿನಬೆಟಗೇರಿಯ ಹೊಲದಲ್ಲಿದ್ದ ಭಾವನಿಗೆ ಫೋನ್ ಹಚ್ಚಿದಳು. ಕಿಟಕಿಯಾಚೆ ಬಿಸಿಲಿತ್ತು. ನನಗೆ ನಗು ಬಂತು.

"ರೇಡಿಯೋದಾಗ ಹವಾಮಾನ ಹೇಳಿದ್ರ ಅಪ್ಪ ಹೆಂಗ ನಗತಿದ್ದ, ನೆನಪೈತೇನು ಅಕ್ಕಾ?"

"ನಗತಿದ್ದ. ನಕ್ಕೋತನ ಗೂಟಕ್ಕ ಹಾಕಿದ್ದ ಛತ್ರಿ ತಗೊಂಡು ಹೋಗತಿದ್ದ. ನೀ ನಗೂದಷ್ಟ ನೆನಪಿಟ್ಟಿ."

ಛತ್ರಿ ನನಗೆ ನೆನಪಿರಲಿಲ್ಲ. "ಉತ್ತರ ಒಳನಾಡಿನ ಅಲ್ಲಲ್ಲಿ ಮಳೆ" ಎಂಬ ಮಾತು ಮಾತ್ರ ಕಿವಿಯಲ್ಲಿತ್ತು. ಆ 'ಅಲ್ಲಲ್ಲಿ'ಯಲ್ಲಿ ನಮ್ಮೂರು ಇದೆಯೋ ಇಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ತಾಲ್ಲೂಕಿನ ಹೆಸರು ಹಿಡಿದೇ ಎಚ್ಚರಿಸುತ್ತಾರೆ.

ಭಾವ ಫೋನ್ ಎತ್ತಲಿಲ್ಲ. ಅಕ್ಕ ಮತ್ತೆ ಮತ್ತೆ ಹಚ್ಚಿದಳು. ನಾನು ನಗುವುದನ್ನು ನಿಲ್ಲಿಸಿ ಆಕಾಶ ನೋಡತೊಡಗಿದೆ. ಕಡೆಗೆ ಅವನೇ ಮಾಡಿದ.

"ಗಾಡಿ ಹೊಡ್ಯಾಕತ್ತಿದ್ನಿ ಮಾರಾಯ್ತಿ. ಮೊಬೈಲ್ ಚೀರಿದ ಕೂಡಲೇ ಹೊಲ ಬಿಟ್ಟೇನಿ, ಈಗ ಊರ ಸಾಲಿ ಕಟ್ಟಡದಾಗ ಕುಂತೇನಿ. ಹೊರಗ ಬಿಸಲು ಹಲ್ಲು ಕಿಸ್ಯಾಕತ್ತೈತಿ."

ಆ ದಿನ ಸಿಡಿಲು ಬೀಳಲಿಲ್ಲ. ಛತ್ರಿಗೆ ಕೈ ಚಾಚುವ ಅಪ್ಪ ಮಾತ್ರ ಈಗ ಸ್ಪಷ್ಟವಾಗಿ ಕಾಣುತ್ತಾನೆ. ಅದು ನನ್ನ ನೆನಪೋ, ಅಕ್ಕನ ಮಾತಿನಿಂದ ನಾನೇ ಕಟ್ಟಿಕೊಂಡದ್ದೋ ಹೇಳಲಾರೆ. ಮುಂದಿನ ವಾರ ಮೊಬೈಲ್ ಮತ್ತೆ ಚೀರಿದಾಗ ಅಕ್ಕನಿಗಿಂತ ಮೊದಲು ಭಾವನಿಗೆ ಫೋನ್ ಹಚ್ಚಿದವನು ನಾನು. ನಗುತ್ತಲೇ ಹಚ್ಚಿದೆ.