ಗೆರೆಯಾಚೆ ಬಿದ್ದ ಚೆಂಡು

ಎಪ್ಪತ್ತರ ದಶಕದಲ್ಲಿ ನಾನು ಸಂಶಿ ಬಳಿಯ ಹಳ್ಳಿಯೊಂದರಲ್ಲಿ ಶಿಕ್ಷಕಿ. ಒಮ್ಮೆ ನಮ್ಮೂರಿಗೂ ಪಕ್ಕದೂರಿಗೂ ನಡೆದ ಹುಡುಗರ ವಾಲಿಬಾಲ್ ಪಂದ್ಯಕ್ಕೆ ಅಂಪೈರ್ ಆಗಿದ್ದೆ. ನಮ್ಮೂರ ಹುಡುಗ ಹೊಡೆದ ಚೆಂಡು ಗೆರೆಯಾಚೆ ಬಿತ್ತು. ಸೀಟಿ ಊದಿದೆ.

"ಅಕ್ಕಾರ, ಸೀಟಿ ಇಟ್ಟು ಮನಿಗೆ ಹೋಗಿ ರೊಟ್ಟಿ ಬಡೀರಿ!" ಎಂದು ಹುಡುಗನ ಅಪ್ಪ ಕೂಗಿದ. ಜನ ನಕ್ಕರು. ಯಾರೋ ಎಸೆದ ಮಣ್ಣಿನ ಹೆಂಟೆ ನನ್ನ ಭುಜಕ್ಕೆ ಬಡಿಯಿತು.

ಹೆಡ್‌ಮಾಸ್ತರರು ಓಡಿಬಂದು, "ಊರ ಮಂದೀನ ಎದುರು ಹಾಕ್ಕೋಬ್ಯಾಡ್ರಿ, ಒಳಗ ಬಿತ್ತಂತ ಹೇಳಿಬಿಡ್ರಿ" ಎಂದು ಪಿಸುಗುಟ್ಟಿದರು.

"ನೀವೂ ನೋಡೀರಲ್ರಿ ಸರ, ಹೊರಗ ಬಿದ್ದೈತಿ" ಎಂದೆ. ಗದ್ದಲ ನಿಲ್ಲುವವರೆಗೆ ಆಟವಿಲ್ಲವೆಂದು ಚೆಂಡನ್ನು ಕಂಕುಳಲ್ಲಿ ಹಿಡಿದು ಅಲ್ಲೇ ನಿಂತೆ. ಬೇಸತ್ತ ಜನ ಒಬ್ಬೊಬ್ಬರೇ ಮನೆಗೆ ಹೋದರು. ಉಳಿದ ಆಟವನ್ನು ನೋಡುವವರಿಲ್ಲದ ಬಯಲಿನಲ್ಲೇ ಆಡಿಸಿದೆ. ನಮ್ಮೂರು ಸೋತಿತು. ಮರುವರ್ಷ ನಾನೇ ಕೇಳಿಕೊಂಡು ಮತ್ತೆ ಅಂಪೈರ್ ಆದೆ.