ಒರೆಸಿದ ನೆಲವನ್ನೇ ಒರೆಸುವ ಕೆಲಸ

ಸ್ಟೇಷನ್ನಿನವರೆಲ್ಲ ಅವಳನ್ನು ನೀರಕ್ಕ ಎಂದೇ ಕರೆಯುವುದು. ನೆಲ ಗುಡಿಸಿ ಒರೆಸುವ ಕೆಲಸ ಅವಳಿಗೆ ಅತ್ತೆಯಿಂದ ಬಂದದ್ದು. ಮಲಗಿದ ಪ್ರಯಾಣಿಕರ ನಿದ್ದೆ ಕೆಡದ ಹಾಗೆ ಸುತ್ತ ಗುಡಿಸುವುದನ್ನು ಕಲಿಸಿದವಳೂ ಅತ್ತೆಯೇ. "ಪಾಪ, ಎಲ್ಲಿಂದ ಬಂದಿದಾರೋ ಏನೋ. ಪೊರಕೆ ಸದ್ದು ಮಾಡ್ಬೇಡ ಕಣೆ" ಅನ್ನುತ್ತಿದ್ದಳು.

ಆಮೇಲೆ ಹಳೇ ಸ್ಟೇಷನ್ ಕೆಡವಿದರು. ರೈಲು, ಮೆಟ್ರೋ, ಬಸ್ಸು ಮೂರೂ ಒಂದೇ ಸೂರಿನಡಿ ಬಂದವು. ಗಾಜಿನ ಗೋಡೆ, ಎಸ್ಕಲೇಟರ್, ಥಳಥಳ ಅಂಗಡಿ ಎಲ್ಲ ಇತ್ತು, ಕೂರಲು ಜಾಗವೊಂದು ಬಿಟ್ಟು. ಬೆಂಚು ಕಿತ್ತುಹಾಕಿದ ಪುಣ್ಯಾತ್ಮರಿಗೆ ರೈಲು ತಡವಾಗುತ್ತದೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಕೂರಬೇಕಾದವರು ಕಾಫಿ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಕೂರಲಿ ಅಂತಲೇ ಕಿತ್ತದ್ದು. ಜನ ನೆಲದ ಮೇಲೆ ಕೂತರು. ಅದೂ ಇವರ ಕಣ್ಣು ಕುಕ್ಕಿತು.

ಗದರಿಸಿ ಎಬ್ಬಿಸಿದರೆ ಯಾರಾದರೂ ವಿಡಿಯೊ ಮಾಡಿಯಾರು. ಅದಕ್ಕೇ ಮೇಲ್ವಿಚಾರಕ ಉಪಾಯ ಹೂಡಿದ. ಕೊಳೆ ಇರಲಿ ಬಿಡಲಿ, ಜನ ಕೂತ ಕಡೆಯೆಲ್ಲ ನೀರು ಸುರಿದು ಒರೆಸಬೇಕು. ಹೊಟ್ಟೆಪಾಡು ನೋಡಿ, ನೀರಕ್ಕ ಬಾಯಿ ಮುಚ್ಚಿಕೊಂಡು ಸುರಿದಳು. ಎದ್ದವರು ಶಾಪ ಹಾಕಿದ್ದು ಅವನಿಗಲ್ಲ, ಅವಳಿಗೆ. ಮನೆಯಲ್ಲಿ ಅತ್ತೆಗೆ ಇದನ್ನು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಮೊನ್ನೆ ಮಧ್ಯಾಹ್ನ ಒಬ್ಬ ಮುದುಕಿ ಕಂಬಕ್ಕೊರಗಿ ಕೂತಿದ್ದಳು, ಮೊಣಕಾಲಿಗೆ ದಪ್ಪ ಬ್ಯಾಂಡೇಜು. ಮಗಳು ಔಷಧಿ ತರಲು ಹೋಗಿದ್ದಳು. ನೀರಕ್ಕ 'ನೆಲ ಒದ್ದೆಯಿದೆ' ಎಂಬ ಹಳದಿ ಹಲಗೆಗಳನ್ನು ಅವಳ ಸುತ್ತ ನಿಲ್ಲಿಸಿ, ಒಣ ಮಾಪನ್ನೇ ಆಡಿಸಿ ಕಣ್ಣು ಮಿಟುಕಿಸಿದಳು. ಮೇಲಿನ ಕ್ಯಾಮೆರಾ ನಂಬುತ್ತಿತ್ತೋ ಏನೋ, ಅಷ್ಟರಲ್ಲಿ ಮೇಲ್ವಿಚಾರಕನೇ ವಕ್ಕರಿಸಿದ. ಬೂಟಿನ ತುದಿಯಿಂದ ನೆಲ ಉಜ್ಜಿ ನೋಡಿದ.

"ಏನಮ್ಮಾ, ನನ್ನ ಕಿವಿಗೇ ಹೂವಿಡ್ತೀಯಾ? ಸುರಿ ನೀರು."

"ಆಪರೇಷನ್ ಆಗಿದೆ ಸಾರ್ ಅವರಿಗೆ. ಏಳಕ್ಕಾಗಲ್ಲ."

"ಸುರೀದಿದ್ರೆ ನಾಳೆಯಿಂದ ಬರ್ಬೇಡ."

"ನನ್ನಿಂದ ನೀನು ಬೈಸ್ಕೋಬೇಡಮ್ಮಾ, ಎದ್ಬಿಡ್ತೀನಿ" ಎಂದು ಮುದುಕಿ ಕಂಬ ಹಿಡಿದು ಅರ್ಧ ಎದ್ದವಳು ನೋವಿಗೆ ಕುಸಿದಳು. ನೀರಕ್ಕನ ಮೈಯೆಲ್ಲ ಉರಿದುಹೋಯಿತು. ಮಾಪನ್ನು ಅವನ ಕೈಗೆ ತುರುಕಿ, ಸಮವಸ್ತ್ರದಲ್ಲೇ ಮುದುಕಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು.

"ಬಕೆಟ್ ತುಂಬಿದೆ ಸಾರ್. ನೀವೇ ಸುರೀರಿ. ಮೊದ್ಲು ನನ್ನ ಮೇಲೆ."

ಸುತ್ತ ಫೋನುಗಳು ಎದ್ದವು. ಅವನು ಮಾಪು ಬಿಸಾಕಿ ಹೊರಟುಹೋದ. ಮಗಳು ಬಂದ ಮೇಲೆ ಮುದುಕಿ ಅವಳ ಹೆಗಲು ಹಿಡಿದು ರೈಲು ಹತ್ತಿದಳು. ನೀರಕ್ಕನ ಕೆಲಸ ಅವತ್ತೇ ಹೋಯಿತು.

ಸಂಜೆ ಅವಳು ಅತ್ತೆಯ ಮುಂದೆ ಕೂತು, ಒಂದೂ ಬಚ್ಚಿಡದೆ ಎಲ್ಲ ಹೇಳಿದಳು. ಬೆನ್ನು ತಟ್ಟುತ್ತಾಳೆ ಅಂದುಕೊಂಡಿದ್ದಳು. ಅತ್ತೆ ಸೊಸೆಯ ಮುಖವನ್ನೇ ನೋಡುತ್ತ ಕೇಳಿದಳು:

"ಕೆಲಸ ಹೋಗ್ಲಿ ಬಿಡು. ಇಷ್ಟು ದಿನ ಸುರಿದ್ಯಲ್ಲ, ಎದ್ದವರೆಲ್ಲ ಎಲ್ಲಿ ಹೋಗಿ ಕೂತ್ರು ಕಣೇ?"