ಸ್ಟಾಪರ್‌ಗೆ ಸಿಗದ ಹಣ್ಣು

ನನ್ನ ಸೋದರಮಾವನ ಎರಡೂ ಕಾಲುಗಳಲ್ಲಿ, ಮೊಣಕಾಲಿನಿಂದ ಕೆಳಕ್ಕೆ ಮೂಳೆಯುದ್ದಕ್ಕೂ ತಗ್ಗುಗಳಿದ್ದವು, ಬಾಳೆಯ ಬುಡಕ್ಕೆ ಕುಡುಗೋಲು ತಾಗಿದ ಹಾಗೆ. ಮೂವತ್ತು ವರ್ಷ ತೇನಿ ಜಿಲ್ಲೆಯ ನಮ್ಮ ಉತ್ತಮಪಾಳಯಂನ ಫುಟ್‌ಬಾಲ್ ಮೈದಾನದಲ್ಲಿ ತಿಂದ ಬೂಟಿನೇಟುಗಳವು. ಪಂಚೆ ಮೇಲೆತ್ತಿ ಕಟ್ಟಿ ತಮ್ಮ ಬಾಳೆಮಂಡಿಯಲ್ಲಿ ಕುಳಿತರೆ, ಗೊನೆ ಕೊಳ್ಳಲು ಬಂದವರೂ ಮೊದಲು ಆ ಕಾಲನ್ನೇ ನೋಡುತ್ತಿದ್ದರು.

ಅವರು ನಮ್ಮ ತಂಡದ ಸ್ಟಾಪರ್, ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವರು. ಅವರ ಬೆನ್ನ ಹಿಂದೆ ಗೋಲ್‌ಕೀಪರ್ ನಾನು. ಗೆದ್ದ ದಿನ ಮಾವನೇ ಮಂಡಿಯಿಂದ ಗೊನೆ ತರುತ್ತಿದ್ದರು. ಆಡಿದವರೆಲ್ಲ ಒಂದೊಂದು ಹಣ್ಣು ಕಿತ್ತು, ಅಂದು ಚೆನ್ನಾಗಿ ಆಡಿದನೆಂದು ತಮಗೆ ಕಂಡವನಿಗೆ ಕೊಡಬೇಕು. ಯಾರ ಮುಂದೆ ಹೆಚ್ಚು ಹಣ್ಣೋ ಅವನೇ ಹೀರೋ. ಗೊನೆ ತಂದವರ ಮುಂದೆ ಮಾತ್ರ ಎಂದೂ ಒಂದು ಹಣ್ಣು ಬೀಳಲಿಲ್ಲ.

“ಗೋಲ್ ಹಾಕ್ದವನ್ಗೆ ಹಣ್ಣು, ಗೋಲ್ ಬೀಳ್ದಂಗೆ ನಿಂತವನ್ಗೆ ಸಿಪ್ಪೆಯಾಡಾ?” ಎಂದು ರೇಗುತ್ತಿದ್ದರು.

ಈ ಸಿಟ್ಟಿಗೆ ಅವರಿಗೊಬ್ಬ ಜೊತೆಗಾರ ಸಿಕ್ಕಿದ್ದ, ಜಪಾನಿನ ಒಬ್ಬ ಡಿಫೆಂಡರ್. ಮೊಬೈಲಿನ ಫುಟ್‌ಬಾಲ್ ಆಟದಲ್ಲಿ ಆಡುವವರೆಲ್ಲ ತಮಗೆ ಬೇಕಾದವರನ್ನು ಆರಿಸಿ ತಂಡ ಕಟ್ಟುತ್ತಾರಲ್ಲ, ಯಾರನ್ನು ಎಷ್ಟು ಜನ ಆರಿಸಿದರೆಂಬ ಪಟ್ಟಿಯೂ ಅದರಲ್ಲೇ ಇರುತ್ತದೆ. ಮೇಲೆಲ್ಲ ಗೋಲು ಹೊಡೆಯುವವರು. ಜಪಾನಿನವನನ್ನು ಕಾಣಲು ಮಾವ ಬೆರಳು ಸವೆಯುವಷ್ಟು ಕೆಳಗಿಳಿಯಬೇಕು. ದಿನಾ ಬೆಳಿಗ್ಗೆ ಟೀ ಆರುವವರೆಗೂ ಇದೇ ಕೆಲಸ.

“ನೋಡ್ಡಾ ಮಾಪ್ಳೆ, ಮೈ ಮುಟ್ದಂಗೆ ಚೆಂಡು ಕಿತ್ಕೊಂಡು ಹೋಗ್ತಾನೆ. ಇವನ್ನ ಕೇಳೋರೇ ಇಲ್ಲ. ಕಣ್ಣು ಕುರುಡಾ ಈ ಜನಕ್ಕೆ?” ಎನ್ನುತ್ತಿದ್ದರು. ಅಳಿಯನಾದ ನನ್ನನ್ನು ಅವರು ಮಾಪ್ಳೆ ಎಂದೇ ಕರೆಯುತ್ತಿದ್ದುದು.

ಒಂದು ದಿನ ನಮ್ಮೆಲ್ಲರ ಫೋನು ಕಸಿದು, ಎಲ್ಲರ ತಂಡಕ್ಕೂ ಅವನನ್ನು ತುರುಕಿದರು. ಮರುದಿನವೂ ಅವನು ಇದ್ದಲ್ಲೇ ಇದ್ದ. “ಜಪಾನ್ ಆದ್ರೇನು, ತೇನಿ ಆದ್ರೇನು!” ಎಂದು ಮಾವ ಫೋನನ್ನು ಎಲೆಕಟ್ಟಿನ ಮೇಲೆ ಎಸೆದರು.

ಚಿನ್ನಾಳಪಟ್ಟಿಯ ನೇಕಾರರ ತಂಡದೊಡನೆ ಆಡಿದ್ದೇ ಅವರ ಕಡೆಯ ಪಂದ್ಯ. ಐವತ್ತು ದಾಟಿತ್ತು. “ಇವತ್ತು ಒಂದ್ ಹಣ್ಣಾದ್ರೂ ತಕ್ಕೊಂಡೇ ಆಟ ಬಿಡೋದು” ಎಂದು ನಗುತ್ತಲೇ ಇಳಿದಿದ್ದರು. ಒಂದು ಗೋಲಿನಿಂದ ಗೆದ್ದೆವು. ಹಣ್ಣು ಕಿತ್ತ ನನ್ನ ಕೈ ಅವರ ಕಡೆಗೇ ಹೊರಟಿತ್ತು. ‘ಸ್ವಂತ ಮಾವನ್ಗೇ ಕೊಡ್ತಾನೆ ನೋಡು’ ಎಂದು ಯಾರಾದರೂ ಆಡಿಕೊಂಡಾರೆಂದು ನಾಚಿ, ಗೋಲು ಹೊಡೆದವನಿಗೇ ಕೊಟ್ಟುಬಿಟ್ಟೆ.

ಮಾವ ನನ್ನ ಗ್ಲೌಸ್ ತಿರುಗಿಸಿ ನೋಡಿದರು. ಮಣ್ಣೇ ಹತ್ತಿರಲಿಲ್ಲ.

“ಒಂದ್ ಚೆಂಡೂ ನಿನ್ ತಾವ ಬರ್ಲಿಲ್ಲ. ಯಾಕೇಂತ ನಿನ್ಗಾದ್ರೂ ತಿಳೀಬೇಕಿತ್ತಲ್ಡಾ ಮಾಪ್ಳೆ.”

ಮುಂದಿನ ತಿಂಗಳು ಬಾಳೆಮಂಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ. ಅವರ ಫೋನು ಈಗ ನನ್ನ ಬಳಿ ಇದೆ. ಜಪಾನಿನವನು ಪಟ್ಟಿಯಲ್ಲಿ ಇನ್ನೂ ಅಲ್ಲೇ, ಕೆಳಗೆ.

ಕಳೆದ ಭಾನುವಾರ ಗೆದ್ದಾಗ ನನ್ನ ಹಣ್ಣನ್ನು ನಮ್ಮ ಈಗಿನ ಸ್ಟಾಪರ್‌ಗೆ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ನೋಡಿ, “ನನ್ಗ್ಯಾಕಣ್ಣಾ? ಗೋಲ್ ಹಾಕ್ದೋನು ಅವ್ನಲ್ವಾ?” ಎಂದು ಪಕ್ಕದವನ ಕೈಗೆ ದಾಟಿಸಿಬಿಟ್ಟ.